ನಗಿಸುವ ನಟರ ಕಾದಂಬರಿ ಓದಿದೆ, ನಗು ಬರಲಿಲ್ಲ. ತಪ್ಪು ನನ್ನದಾ?

ಕದ್ರಿ ಗುಡ್ಡೆ (ಭಾನುವಾರ, ರಾತ್ರಿ 9:10)

ನಮಸ್ಕಾರ ಎಲ್ಲರಿಗೂ. ಒಂದು ಸಂಕಟ ಹೇಳಿಕೊಳ್ಳಲಿಕ್ಕೆ ಉಂಟು, ಬೈಯಬೇಡಿ.

ವಾರದ ಕೊನೆಗೆ ಟಿವಿಯಲ್ಲಿ ಬಂದು ನಮ್ಮನ್ನೆಲ್ಲ ನಗಿಸುವ ಆ ನಟರು ಕಾದಂಬರಿ ಬರೆದಿದ್ದಾರೆ ಅಲ್ವಾ, ಅದನ್ನು ಓದಿದೆ. ಹೆಸರು ಹಾಕುವುದಿಲ್ಲ. ಹೆಚ್ಚಿನವರಿಗೆ ಯಾರು ಅಂತ ಗೊತ್ತಾಗಿಯೇ ಆಗುತ್ತದೆ. ನಾನು ಅವರ ದೊಡ್ಡ ಅಭಿಮಾನಿ. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದ ಹನ್ನೊಂದು ರಾತ್ರಿ ಮೊಬೈಲಲ್ಲಿ ಇವರ ತುಣುಕುಗಳನ್ನು ನೋಡಿಕೊಂಡೇ ಕಳೆದವಳು. ವಾರ್ಡಿನಲ್ಲಿ ನಗಬಾರದು ಅಂತ ಬಾಯಿಗೆ ಟವೆಲು ತುರುಕಿಕೊಂಡದ್ದೂ ಉಂಟು. ಹಾಗಾಗಿ ಪುಸ್ತಕ ಅಂಗಡಿಗೆ ಬಂದ ಎರಡನೇ ದಿನವೇ ಹಂಪನಕಟ್ಟೆಗೆ ಹೋಗಿ 380 ರೂಪಾಯಿ ಕೊಟ್ಟು ತಂದುಕೊಂಡೆ.

296 ಪುಟ. ಮುನ್ನುಡಿ, ಹಾರೈಕೆ, ಇನ್ನೊಬ್ಬ ನಟರ ಹಾರೈಕೆ, ಲೇಖಕರ ಮಾತು, ಬಣ್ಣದ ಫೋಟೋ ಎಲ್ಲ ಕಳೆದು ಕಥೆ ಶುರುವಾಗುವುದು 23ನೇ ಪುಟಕ್ಕೆ. ದುಬೈಯಲ್ಲಿ ಕೆಲಸ ಕಳೆದುಕೊಂಡವನೊಬ್ಬ ಊರಿಗೆ ಬಂದು ಹೋಟೆಲು ಇಡುತ್ತಾನೆ. ಹೋಟೆಲು ಮುಳುಗುತ್ತದೆ. ನಡುವೆ ಮದುವೆ, ಜಗಳ, ಬೋಟು, ಪೊಲೀಸು. ಕೇಳಲಿಕ್ಕೆ ಚೆನ್ನಾಗಿಯೇ ಉಂಟು.

ಆದರೆ ನಗು ಬರಬೇಕಲ್ಲ. ಮದುವೆ ಮನೆಯಲ್ಲಿ ನಾಯಕನ ಪಂಚೆ ಜಾರುತ್ತದೆ. ಸರಿ. ಅದರ ಮುಂದಿನ ಸಾಲು: "ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು." ಎರಡು ಪುಟ ಬಿಟ್ಟು ಭಟ್ಟರು ಜಾರುತ್ತಾರೆ. "ಎಲ್ಲರೂ ಬಿದ್ದು ಬಿದ್ದು ನಕ್ಕರು." ನೂರನೇ ಪುಟದಿಂದ ನನಗೆ ಹಠ ಬಂತು, ಪೆನ್ಸಿಲ್ ಹಿಡಿದು ಗುರುತು ಹಾಕಿದೆ. ಅಲ್ಲಿಂದ ಕೊನೆಯ ತನಕ ಪುಸ್ತಕದ ಒಳಗೆ ಜನ ಒಟ್ಟು 41 ಸಲ ನಗುತ್ತಾರೆ. ಹೊರಗೆ ನಾನೊಬ್ಬಳು ಸುಮ್ಮನೆ ಕೂತಿದ್ದೇನೆ.

ನಿರೀಕ್ಷೆ ಜಾಸ್ತಿ ಆಯಿತಾ? ಅಥವಾ ನನಗೆ ಕುಶಾಲು ಅರ್ಥ ಆಗುವ ವಯಸ್ಸು ದಾಟಿತಾ? ಓದಿದವರು ಹೇಳಿ.

ಗೋಳಿಬಜೆ (9:14)

41 ಸಲ ಎಣಿಸಿದಿರಾ ಅಕ್ಕ! ಪುಸ್ತಕಕ್ಕಿಂತ ಇದೇ ಹೆಚ್ಚು ನಗು ಬರಿಸಿತು.

ಪಡುಬಿದ್ರಿ ಎಕ್ಸ್‌ಪ್ರೆಸ್ (9:20)

ನಾನೂ ಓದಿದೆ. ಪೂರ್ತಿ ಅಲ್ಲ, ಪಡುಬಿದ್ರಿಯಿಂದ ಮಂಗಳೂರು ತನಕ. ಸುರತ್ಕಲ್ ಬರುವಾಗ ನಿದ್ದೆ ಬಂತು.

ಅಭಿಮಾನಿ ನಂ. 1 (9:26)

ಟೀಕೆ ಮಾಡುವುದು ಸುಲಭ. ಅವರು ಶೂಟಿಂಗ್ ನಡುವೆ ಸಮಯ ಮಾಡಿಕೊಂಡು ಕನ್ನಡದಲ್ಲಿ ಬರೆದಿದ್ದಾರೆ, ಅದನ್ನು ಮೆಚ್ಚಿ. ನೀವು ಒಂದು ಪುಟ ಬರೆದು ತೋರಿಸಿ ನೋಡುವಾ.

ರಥಬೀದಿ (9:31)

ಇದೊಂದು ಮಾತು ಯಾವಾಗಲೂ ಬರುತ್ತದೆ ಮಾರಾಯ್ರೆ. ಸಾಂಬಾರಿಗೆ ಉಪ್ಪು ಜಾಸ್ತಿ ಆಗಿದೆ ಅಂತ ಹೇಳಲಿಕ್ಕೆ ಅಡುಗೆ ಭಟ್ಟನೇ ಆಗಬೇಕಾ? ದುಡ್ಡು ಕೊಟ್ಟು ಉಂಡವರು ಹೇಳಬಹುದು.

ಉಪ್ಪಿನ ಮಾತು ಬಂತಲ್ಲ, ಊಟದ ಬಗ್ಗೆಯೂ ಹೇಳುತ್ತೇನೆ. ಆರನೇ ಅಧ್ಯಾಯದಲ್ಲಿ ನಾಯಕ ಉಡುಪಿ ಕೃಷ್ಣ ಮಠದ ಎದುರು, ರಥಬೀದಿಯ ಹೋಟೆಲಿನಲ್ಲಿ ಕೂತು ಕೋರಿ ರೊಟ್ಟಿ ತಿನ್ನುತ್ತಾನೆ. ರಥಬೀದಿಯಲ್ಲಿ! ನಾನು ಹುಟ್ಟಿ ಬೆಳೆದ ಬೀದಿ ಅದು. ಅಲ್ಲಿ ಕೋಳಿ ಸಿಗುವುದಿದ್ದರೆ ನಾವು ಹುಡುಗರಿರುವಾಗ ಕಲ್ಸಂಕ ದಾಟಿ ಕದ್ದು ಹೋಗುವ ಕಷ್ಟ ಇರುತ್ತಿರಲಿಲ್ಲ.

ಮಲ್ಪೆ ಬಂಗುಡೆ (9:38)

ಅದು ಬಿಡಿ, ಬೋಟಿನ ಕಥೆ ಓದಿದಿರಾ? ಜುಲೈ ತಿಂಗಳು, ಧೋ ಅಂತ ಮಳೆ, ನಾಯಕ ಸಾಲದವರಿಂದ ತಪ್ಪಿಸಿಕೊಳ್ಳಲು ಮಲ್ಪೆಯಿಂದ ಟ್ರಾಲ್ ಬೋಟಿನಲ್ಲಿ ಸಮುದ್ರಕ್ಕೆ ಹೋಗುತ್ತಾನೆ. ಬಂದರಿನ ಧಕ್ಕೆಯಲ್ಲಿ ಮೀನು ಏಲಂ ಜೋರು ನಡೆಯುತ್ತಿದೆಯಂತೆ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ರಜೆ. ಒಂದು ಟ್ರಾಲ್ ಬೋಟೂ ಹೋಗುವುದಿಲ್ಲ. ಎಲ್ಲ ಬಂದರಿನಲ್ಲಿ ಒಂದಕ್ಕೊಂದು ಕಟ್ಟಿ ನಿಲ್ಲಿಸಿರುತ್ತೇವೆ. ಬಲೆ ಹೊಲಿಯುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚುವುದು, ಇಷ್ಟೇ ಕೆಲಸ. ಆಗ ನಾಯಕ ತಪ್ಪಿಸಿಕೊಳ್ಳಬೇಕಾದರೆ ಬೋಟಿಗೆ ಬಣ್ಣ ಬಳಿಯುತ್ತಾ ಕೂರಬೇಕು.

ಅಭಿಮಾನಿ ನಂ. 1 (9:41)

ಕಾದಂಬರಿ ಸ್ವಾಮಿ, ಪಂಚಾಂಗ ಅಲ್ಲ.

ತೊಕ್ಕೊಟ್ಟು ತಂತ್ರಿ (9:44)

ರಜೆ ಅಂದರೆ ಎಲ್ಲರಿಗೂ ಅಲ್ಲ. ನಾಡದೋಣಿ ಹೋಗಬಹುದು. ನಮ್ಮ ಉಳ್ಳಾಲ ಕಡೆ ಆಟಿ ತಿಂಗಳ ಮಳೆಯಲ್ಲೂ ಹೋಗುತ್ತಾರೆ.

ಮಲ್ಪೆ ಬಂಗುಡೆ (9:47)

ನಾಡದೋಣಿ ಹೋಗುತ್ತದೆ ಅಣ್ಣ, 10 ಎಚ್‌ಪಿ ಎಂಜಿನ್ ತನಕ. ಅದಕ್ಕೇ ಹೇಳಿದ್ದು, ಟ್ರಾಲ್ ಬೋಟು ಅಂತ. ಪುಸ್ತಕದಲ್ಲಿ ಎಂಟು ಜನ ಒಳಗೆ ಇಸ್ಪೀಟು ಆಡುತ್ತಾರೆ. ನಾಡದೋಣಿಯಲ್ಲಿ ಇಸ್ಪೀಟು ಆಡಿದರೆ ಎಲೆ ಕಾಸರಗೋಡಿನಲ್ಲಿ ಸಿಗಬಹುದು.

ಕದ್ರಿ ಗುಡ್ಡೆ (9:55)

ಮಲ್ಪೆಯವರೇ, ನಿಮ್ಮ ಈ ಒಂದು ಸಾಲು ಆ ಪುಸ್ತಕದಲ್ಲಿ ಇದ್ದಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ.

ಸಣ್ಣ ತಪ್ಪುಗಳ ಬಗ್ಗೆ ನನಗೆ ಸಿಟ್ಟಿಲ್ಲ. ನಗು ಬಂದಿದ್ದರೆ ಜುಲೈಯಲ್ಲಿ ಬೋಟು ಅಲ್ಲ, ವಿಮಾನವೇ ಮಲ್ಪೆಯಿಂದ ಹಾರಲಿ ಅನ್ನುತ್ತಿದ್ದೆ. ನಗು ಬಾರದೆ ಇರುವಾಗಲೇ ಕಣ್ಣು ತಪ್ಪಿನ ಮೇಲೆ ಹೋಗುವುದು.

ಮಣಿಪಾಲ ಹಾಸ್ಟೆಲ್ (10:02)

ತುಳು ಸಾಲು ಯಾರೂ ಹೇಳಲೇ ಇಲ್ಲವಲ್ಲ! ನಾಯಕ ಮನೆಗೆ ಬಂದು ನಾಯಿಯ ತಲೆ ಸವರಿ ಕೇಳುತ್ತಾನೆ, "ಎಂಚ ಉಲ್ಲರ್?"

ಹೇಗಿದ್ದೀರಿ ಅಂತ. ನಾಯಿಗೆ ಬಹುವಚನ. ಮಾವನಿಗೆ ಕೇಳುವ ಹಾಗೆ.

ಗೋಳಿಬಜೆ (10:03)

ಅದೇನೋ ಕುಶಾಲಿಗೆ ಬರೆದದ್ದು ಇರಬಹುದು.

ಮಣಿಪಾಲ ಹಾಸ್ಟೆಲ್ (10:05)

ಇಲ್ಲ. ಮುಂದಿನ ಸಾಲಿನಲ್ಲಿ ಯಾರೂ ಹೊಟ್ಟೆ ಹುಣ್ಣಾಗುವಂತೆ ನಗುವುದಿಲ್ಲ. ಅಂದರೆ ಅದು ಅವರಿಗೆ ಕುಶಾಲು ಅಂತ ಗೊತ್ತಿರಲಿಲ್ಲ.

ಗೋಳಿಬಜೆ (10:06)

ಈ ಲೆಕ್ಕಾಚಾರ ಒಪ್ಪಿದೆ.

ಬೆಂಗಳೂರು ಬಾಡಿಗೆ ಮನೆ (10:15)

ನಾನು ಮೂಲ ಬಂಟ್ವಾಳ. ಇಲ್ಲಿ ಆಫೀಸಿನವರಿಗೆ ನಮ್ಮ ಕಡೆಯವರು ಅಂದರೆ ಎರಡೇ ವಿಷಯ, 'ಮಾರಾಯ' ಮತ್ತು ಮೀನು. ಈ ಪುಸ್ತಕವೂ ಹಾಗೇ. ಒಬ್ಬ ಮಾತಾಡಿದರೆ ಮೂರು ಸಲ ಮಾರಾಯ. ನಮ್ಮ ಮನೆಯಲ್ಲಿ ಅಪ್ಪ ಇಡೀ ದಿನದಲ್ಲಿ ಒಂದು ಸಲ ಹೇಳಿದರೆ ಹೆಚ್ಚು. ಅದೂ ಕರೆಂಟು ಹೋದಾಗ.

ನಿವೃತ್ತ ಮಾಸ್ತರು, ಕಾರ್ಕಳ (10:40)

ತಡವಾಗಿ ಬಂದೆ, ಊಟ ಮುಗಿಸಿ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕದ್ರಿಯ ತಂಗಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಯಕ್ಷಗಾನದಲ್ಲಿ ಉಂಟು. ನಾನು ಹಾಸ್ಯಗಾರ ಮಿಜಾರು ಅಣ್ಣಪ್ಪನವರ ಕಾಲದಲ್ಲಿ ಆಟ ನೋಡಿ ಬೆಳೆದವನು. ಹಾಸ್ಯಗಾರ ಅಂದರೆ ಮೇಳದಲ್ಲಿ ಸಣ್ಣ ಜನ ಅಲ್ಲ. ನಳದಮಯಂತಿಯ ಬಾಹುಕ, ಪಾಪಣ್ಣ ವಿಜಯದ ಪಾಪಣ್ಣ, ಇವೆಲ್ಲ ಹಾಸ್ಯಗಾರರ ವೇಷಗಳೇ. ಬಾಹುಕನನ್ನು ನೋಡಿ ನಕ್ಕವರೇ ಕೊನೆಗೆ ಕಣ್ಣು ಒರೆಸಿಕೊಂಡು ಹೋಗುತ್ತಿದ್ದರು.

ಒಂದು ಆಟ ನೆನಪಾಗುತ್ತದೆ. ಅದರ ಹಾಸ್ಯಗಾರರು ಬೇರೆಯವರು, ಹೆಸರು ಬೇಡ. ಅವರದ್ದು ದೂತನ ವೇಷ. ರಾಜ ಓಲೆ ಕೊಟ್ಟು "ಕೂಡಲೇ ಮುಟ್ಟಿಸಿ ಬಾ" ಅನ್ನುತ್ತಾನೆ. ದೂತ ಗಡಿಬಿಡಿಯಲ್ಲಿ ರಂಗದಿಂದ ಓಡುತ್ತಾನೆ. ರಾಜನ ಪದ ಶುರುವಾಗುವಷ್ಟರಲ್ಲಿ ದೂತ ವಾಪಸು ಬಂದು ಮೂಲೆಯಲ್ಲಿ ನಿಲ್ಲುತ್ತಾನೆ. ಮಾತಿಲ್ಲ. ಓಲೆಯನ್ನು ನೋಡುತ್ತಾನೆ, ತನ್ನ ಕಾಲು ನೋಡುತ್ತಾನೆ, ಭಾಗವತರನ್ನು ನೋಡುತ್ತಾನೆ. ಭಾಗವತರು ಪದ ನಿಲ್ಲಿಸಿ ಮುಖ ಗಂಟಿಕ್ಕಿ "ಏನಯ್ಯಾ?" ಅನ್ನುತ್ತಾರೆ. ದೂತ ಆಗಲೂ ಮಾತಾಡುವುದಿಲ್ಲ. ಮದ್ದಳೆಯವರು ಮೆಲ್ಲನೆ ಒಂದು ಪೆಟ್ಟು ಹಾಕುತ್ತಾರೆ. ಅಷ್ಟರಲ್ಲಿ ಇಡೀ ಗದ್ದೆ ನಗುತ್ತಿದೆ. ಕೊನೆಗೆ ಅವನು ಹೇಳುವುದು, "ಯಾರಿಗೆ ಅಂತ ಹೇಳಲಿಲ್ಲ."

ಇದನ್ನೇ ಕಾಗದದ ಮೇಲೆ ಬರೆದರೆ ಎಷ್ಟು? "ದೂತ ವಾಪಸು ಬಂದ. ಯಾರಿಗೆ ಕೊಡಬೇಕು ಎಂದು ಕೇಳಿದ." ಮುಗಿಯಿತು. ಆ ಅರ್ಧ ನಿಮಿಷ ಎಲ್ಲಿ ಹೋಯಿತು? ಭಾಗವತರ ಗಂಟು ಮುಖ ಎಲ್ಲಿ? ಮದ್ದಳೆಯ ಪೆಟ್ಟು ಎಲ್ಲಿ?

ಈ ನಟರಿಗೆ ಮುಖ ಉಂಟು, ಹುಬ್ಬು ಉಂಟು, ಎದುರು ಕೂತವರ ಚಪ್ಪಾಳೆ ಉಂಟು. ಪುಸ್ತಕದಲ್ಲಿ ಇವೆಲ್ಲ ಇಲ್ಲ. ಅವರಿಗೆ ಅದು ಅಂದಾಜಾಗಿದೆ, ಹಾಗಾಗಿಯೇ ಆ ಜಾಗದಲ್ಲಿ "ಎಲ್ಲರೂ ನಕ್ಕರು" ಅಂತ ಹಾಕಿದ್ದಾರೆ. ಟಿವಿಯಲ್ಲಿ ನಗುವಿನ ಸದ್ದು ಸೇರಿಸುತ್ತಾರಲ್ಲ, ಅದನ್ನೇ ಅಕ್ಷರದಲ್ಲಿ ಸೇರಿಸಿದ್ದು.

ಕದ್ರಿ ಗುಡ್ಡೆ (10:46)

ಮಾಸ್ಟ್ರೇ, ಇದೇ ನನಗೆ ಹೇಳಲಿಕ್ಕೆ ಬರದೆ ಇದ್ದದ್ದು. ಓದುವಾಗ ತಲೆಯೊಳಗೆ ಅವರ ಸ್ವರ ಹಾಕಿಕೊಂಡು ನೋಡಿದೆ. ಹಾಗೆ ಓದಿದರೆ ಸ್ವಲ್ಪ ನಗು ಬರುತ್ತದೆ. ಆದರೆ ಆಗ ಕೆಲಸ ಮಾಡಿದ್ದು ನಾನು, ದುಡ್ಡು ಕೊಟ್ಟದ್ದೂ ನಾನೇ.

ಕುಂದಾಪ್ರದ ಮಾಣಿ (10:50)

ಹ್ವಾಯ್ ಮಾಸ್ಟ್ರೇ, ನಮ್ಮ ಬಡಗುತಿಟ್ಟಿನ (ಉತ್ತರದ ಶೈಲಿಯ) ಕುಂಜಾಲು ರಾಮಕೃಷ್ಣ ನಾಯಕರ ಹೆಸರು ಬಿಟ್ಟರೆ ಹೇಗೆ? ಹಾಸ್ಯ ಅಂದರೆ ತೆಂಕುತಿಟ್ಟು ಮಾತ್ರವಾ?

ನಿವೃತ್ತ ಮಾಸ್ತರು, ಕಾರ್ಕಳ (10:53)

ಬಿಟ್ಟದ್ದಲ್ಲ ಮಾರಾಯ, ಬೆರಳು ನೋಯುತ್ತಿತ್ತು. ವಿಟ್ಲ ಜೋಷಿಯವರ ಹೆಸರೂ ಬಿಟ್ಟಿದ್ದೇನೆ.

ಕುಂದಾಪ್ರದ ಮಾಣಿ (10:54)

ಹಾಗಾದರೆ ಅಡ್ಡಿಲ್ಲ.

ಪಡುಬಿದ್ರಿ ಎಕ್ಸ್‌ಪ್ರೆಸ್ (11:01)

ಯಕ್ಷಗಾನ ಅಂದಾಗ ನೆನಪಾಯಿತು. ಪುಸ್ತಕದಲ್ಲಿ ಅದೇ ಜುಲೈಯಲ್ಲಿ ಬಯಲಾಟ ಬೇರೆ ಉಂಟು. ಗದ್ದೆಯಲ್ಲಿ! ಪತ್ತನಾಜೆ, ಅಂದರೆ ಮೇ ಕೊನೆಗೆ ತಿರುಗಾಟ ಮುಗಿಯುವ ದಿನ, ಕಳೆದ ಮೇಲೆ ಮೇಳ ಗೆಜ್ಜೆ ಬಿಚ್ಚಿರುತ್ತದೆ. ಗದ್ದೆಯಲ್ಲಿ ಆಗ ನೇಜಿ (ಭತ್ತದ ಸಸಿ) ನೆಡುತ್ತಾರೆ.

ರಥಬೀದಿ (11:04)

ಮಳೆಗಾಲದಲ್ಲಿ ಆಟವೇ ಇಲ್ಲ ಅನ್ನಬೇಡಿ. ಹಾಲ್‌ಗಳಲ್ಲಿ ಆಗುತ್ತದೆ, ತಾಳಮದ್ದಳೆ ಆಗುತ್ತದೆ. ಚಿಕ್ಕಮೇಳ ಮನೆ ಮನೆಗೆ ಬರುತ್ತದೆ.

ಪಡುಬಿದ್ರಿ ಎಕ್ಸ್‌ಪ್ರೆಸ್ (11:05)

ಗದ್ದೆಯಲ್ಲಿ ಅಂತ ಹೇಳಿದ್ದು ನಾನು. ಗದ್ದೆ.

ರಥಬೀದಿ (11:06)

ಆಯಿತು, ಗದ್ದೆಯಲ್ಲಿ ಇಲ್ಲ. ನೀವು ಗೆದ್ದಿರಿ, ಮಲಗಿ.

ಪುಸ್ತಕದಂಗಡಿಯವ (ಸೋಮವಾರ, ಬೆಳಿಗ್ಗೆ 7:50)

ನಾನು ಅಂಗಡಿಯವನ ಮಾತು ಹೇಳುತ್ತೇನೆ. ಯಾವ ಅಂಗಡಿ ಅಂತ ಕೇಳಬೇಡಿ, ಪ್ರಕಾಶಕರ ಜೊತೆ ನನಗೆ ವ್ಯವಹಾರ ಉಂಟು.

ಕನ್ನಡ ಕಾದಂಬರಿ ಅಂದರೆ ಮೊದಲ ಮುದ್ರಣ ಸಾವಿರ ಪ್ರತಿ ಅಂತ ಹಿಂದಿನಿಂದ ಲೆಕ್ಕ. ಈಗ ಐನೂರಕ್ಕೆ ಇಳಿದದ್ದೂ ಉಂಟು. ಒಳ್ಳೆಯ ಕಾದಂಬರಿ ನನ್ನ ಅಂಗಡಿಯಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಹೋದರೆ ನಾನು ಖುಷಿಯಲ್ಲಿರುತ್ತೇನೆ. ಈ ನಟರು ಸಹಿ ಹಾಕಲು ಬಂದ ಸಂಜೆ ಎರಡು ಕಟ್ಟು ಒಂದೂವರೆ ಗಂಟೆಯಲ್ಲಿ ಖಾಲಿ. ಹೊರಗೆ ರಿಕ್ಷಾ ನಿಲ್ಲಿಸಲು ಜಾಗ ಇರಲಿಲ್ಲ.

ಆದರೆ ನಾನು ಕೌಂಟರಿನಲ್ಲಿ ನಿಂತು ನೋಡಿದ್ದು ಏನೆಂದರೆ, ಬಂದವರಲ್ಲಿ ಒಬ್ಬರೂ ಪುಸ್ತಕದ ಒಳಗೆ ಒಂದು ಸಾಲು ಓದಿ ನೋಡಲಿಲ್ಲ. ತೆಗೆದುಕೊಂಡರು, ಸಹಿ ಹಾಕಿಸಿಕೊಂಡರು, ಸೆಲ್ಫಿ ಹೊಡೆದರು. ಒಬ್ಬರು ಪುಸ್ತಕ ಕೌಂಟರಿನ ಮೇಲೆಯೇ ಬಿಟ್ಟು ಹೋದರು. ಫೋನ್ ಮಾಡಿದರೆ, "ಇರಲಿ, ಯಾವಾಗಾದರೂ ಬರುತ್ತೇನೆ" ಅಂದರು. ಮೂರು ತಿಂಗಳಾಯಿತು.

ನಾನು ದೂರುವುದಿಲ್ಲ. ಆ ಒಂದು ಸಂಜೆಯ ದುಡ್ಡಿನಲ್ಲಿ ಅಂಗಡಿಯ ಎರಡು ತಿಂಗಳ ಬಾಡಿಗೆ ಕಟ್ಟಿದೆ.

ಅಭಿಮಾನಿ ನಂ. 1 (8:05)

ಇದನ್ನೇ ನಾನು ಹೇಳುವುದು. ನನ್ನ ಮಗ ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡ ಅಂದರೆ ಪರೀಕ್ಷೆಗೆ ಮಾತ್ರ. ಈ ಪುಸ್ತಕ ಅವನೇ ಕೇಳಿ ತರಿಸಿಕೊಂಡ. ಅಕ್ಷರ ಕೂಡಿಸಿ ಕೂಡಿಸಿ 60 ಪುಟ ಓದಿದ. ಮನೆಯಲ್ಲಿ ಇದು ಮೊದಲ ಸಲ. ನಿಮಗೆ ನಗು ಬರದಿದ್ದರೆ ನಷ್ಟ 380 ರೂಪಾಯಿ. ನನಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡದು.

ಕದ್ರಿ ಗುಡ್ಡೆ (8:20)

ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ ಅಣ್ಣ. ನಿಜವಾಗಿ ಖುಷಿಯಾಯಿತು. ಅವನು ನಕ್ಕನಾ?

ಅಭಿಮಾನಿ ನಂ. 1 (8:31)

ಪಂಚೆ ಜಾರಿದಲ್ಲಿ ನಕ್ಕ. ಆಮೇಲೆ 60ನೇ ಪುಟದಲ್ಲಿ ನಿಲ್ಲಿಸಿದ. ಪರೀಕ್ಷೆ ಇತ್ತು.

ಗೋಳಿಬಜೆ (8:32)

ಪರೀಕ್ಷೆ ಮುಗಿದಿಲ್ವಾ ಇನ್ನೂ?

ಅಭಿಮಾನಿ ನಂ. 1 (8:40)

ಮುಗಿದಿದೆ.

ಹೆಸರು ಬೇಡ (9:15)

ಇದು ಅವರೇ ಬರೆದದ್ದು ಅಂತ ಏನು ಗ್ಯಾರಂಟಿ? ಯಾರಿಂದಲೋ ಬರೆಸಿದ್ದು ಇರಬಹುದು. ನನಗೆ ಗೊತ್ತಿರುವ ಒಬ್ಬರು...

ವೇದಿಕೆ ನಿರ್ವಾಹಕ (9:22)

ಮೇಲಿನ ಬರಹದ ಉಳಿದ ಭಾಗ ತೆಗೆದಿದ್ದೇನೆ. ಗಾಳಿ ಮಾತು ಬೇಡ. ಪುಸ್ತಕದ ಬಗ್ಗೆ ಮಾತ್ರ.

ಮಣಿಪಾಲ ಹಾಸ್ಟೆಲ್ (9:25)

ಬೇರೆಯವರಿಂದ ಬರೆಸಿದ್ದರೆ ಇನ್ನೂ ಚೆನ್ನಾಗಿ ಇರುತ್ತಿತ್ತು. ಅವರೇ ಬರೆದದ್ದು, ನನಗೆ ಅನುಮಾನ ಇಲ್ಲ.

ಬಿಜೈ ಬಾಲ್ಕನಿ (10:10)

ನಟರು ಬರೆದದ್ದೆಲ್ಲ ಹೀಗೇ ಅಂತ ಅಲ್ಲ. ಬ್ರಿಟಿಷ್ ನಟ ಹ್ಯೂ ಲಾರಿ ಗೊತ್ತಲ್ಲ, 'ಹೌಸ್' ಧಾರಾವಾಹಿಯ ಡಾಕ್ಟರು. ಅವರು 1996ರಲ್ಲಿ 'ದಿ ಗನ್ ಸೆಲ್ಲರ್' ಅಂತ ಗೂಢಚಾರರ ಕಥೆಗಳನ್ನೇ ಗೇಲಿ ಮಾಡುವ ಕಾದಂಬರಿ ಬರೆದರು. ಆಗಲೇ ಇಂಗ್ಲೆಂಡಿನಲ್ಲಿ ಟಿವಿಯ ಹಾಸ್ಯನಟ ಅಂತ ಹೆಸರು ಇತ್ತು. ಆದರೂ ಪ್ರಕಾಶಕರಿಗೆ ಕಳಿಸುವಾಗ ಸುಳ್ಳು ಹೆಸರು ಹಾಕಿ ಕಳಿಸಿದರು. ಮುಖ ನೋಡಿ ಅಚ್ಚು ಹಾಕಬಾರದು, ಬರಹ ನೋಡಿ ಹಾಕಬೇಕು ಅಂತ.

ನಮ್ಮವರಲ್ಲಿ ಯಾರಾದರೂ ಹಾಗೆ ಮಾಡುತ್ತಾರಾ? ಇಲ್ಲಿ ಮುಖಪುಟದಲ್ಲಿ ಪುಸ್ತಕದ ಹೆಸರಿಗಿಂತ ಅವರ ಹಲ್ಲು ದೊಡ್ಡದಾಗಿ ಕಾಣುತ್ತದೆ.

ನಿವೃತ್ತ ಮಾಸ್ತರು, ಕಾರ್ಕಳ (10:30)

ಇಂಗ್ಲೆಂಡಿಗೆ ಯಾಕೆ ಹೋಗುತ್ತೀರಿ? ನನ್ನ ಮನೆಯಿಂದ ಬೈಕಿನಲ್ಲಿ ಹೋಗುವಷ್ಟು ದೂರದಲ್ಲಿ ನಂದಳಿಕೆ ಉಂಟು. ಮುದ್ದಣನ ಊರು. ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿದ್ದು, 1901ರಲ್ಲಿ ಕ್ಷಯದಿಂದ ತೀರಿಕೊಂಡದ್ದು. ಶಾಲೆಯಲ್ಲಿ ವ್ಯಾಯಾಮದ ಮಾಸ್ತರರಾಗಿದ್ದವರು. ತಾನು ಬರೆದದ್ದನ್ನು ಯಾವುದೋ ಹಳೆಯ ಕವಿಯದ್ದು ಎಂಬಂತೆ ಮೈಸೂರಿಗೆ ಕಳಿಸಿದರು. ಬರೆದವರು ಇವರೇ ಅಂತ ಜನರಿಗೆ ಗೊತ್ತಾದದ್ದು ತೀರಿಕೊಂಡ ಮೇಲೆ.

ಮತ್ತೆ ಹಾಸ್ಯದ ಮಾತು. ರಾಮಾಶ್ವಮೇಧದ ನಡುನಡುವೆ ಮುದ್ದಣ ಮನೋರಮೆ ಮಾತಾಡುತ್ತಾರಲ್ಲ, ಅಲ್ಲಿ ಒಬ್ಬರೂ ಜಾರಿ ಬೀಳುವುದಿಲ್ಲ. ಗಂಡ ದೊಡ್ಡ ದೊಡ್ಡ ಸಂಸ್ಕೃತ ಪದ ಹಾಕಿ ಕಥೆ ಶುರು ಮಾಡುತ್ತಾನೆ. ಹೆಂಡತಿ ಹೇಳುತ್ತಾಳೆ, ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು ಅಂತ. ಸಿಟ್ಟಲ್ಲ, ಸಲಿಗೆ. ನೂರು ವರ್ಷ ಕಳೆದರೂ ಆ ಮಾತು ಹಳತಾಗಲಿಲ್ಲ.

ರಥಬೀದಿ (10:36)

"ಪದ್ಯಂ ವಧ್ಯಂ, ಗದ್ಯಂ ಹೃದ್ಯಂ" ಅಂದದ್ದೂ ಅಲ್ಲೇ ಅಲ್ವಾ ಮಾಸ್ಟ್ರೇ? ಈ ನಟರ ಪುಸ್ತಕದಲ್ಲಿ ಗದ್ಯವೂ ವಧ್ಯ.

ಬಿಜೈ ಬಾಲ್ಕನಿ (10:44)

ಪಂಜೆ ಮಂಗೇಶರಾಯರೂ ಹರಟೆ ಬರೆಯುವಾಗ 'ಹರಟೆಮಲ್ಲ' ಅಂತ ಹೆಸರು ಇಟ್ಟುಕೊಂಡಿದ್ದರು. ಅವರೂ ನಮ್ಮ ಬಂಟ್ವಾಳದವರೇ. ನಮ್ಮ ಕಡೆಯವರಿಗೆ ಹೆಸರು ಅಡಗಿಸುವುದು ಅಭ್ಯಾಸ ಅಂತ ಕಾಣುತ್ತದೆ.

ಗೋಳಿಬಜೆ (10:46)

ಅದಕ್ಕೇ ನಾನೂ ಇಲ್ಲಿ ಗೋಳಿಬಜೆ ಅಂತ ಇಟ್ಟುಕೊಂಡದ್ದು.

ಬೆಂಗಳೂರು ಬಾಡಿಗೆ ಮನೆ (11:20)

ನನ್ನ ಅಜ್ಜನ ಪೆಟ್ಟಿಗೆಯಲ್ಲಿ 'ಕೊರವಂಜಿ'ಯ ಹಳೆಯ ಸಂಚಿಕೆಗಳು ಇದ್ದವು. 1942ರಲ್ಲಿ ರಾಶಿ ಶುರು ಮಾಡಿದ ಹಾಸ್ಯ ಪತ್ರಿಕೆ. ರಾಶಿ ಅಂದರೆ ಡಾಕ್ಟರ್ ಎಂ. ಶಿವರಾಂ. ಹಗಲು ರೋಗಿಗಳನ್ನು ನೋಡುವವರು. ಆರ್.ಕೆ. ಲಕ್ಷ್ಮಣ್ ಹೆಸರು ಮಾಡುವ ಮೊದಲು ಅದರಲ್ಲಿ ಚಿತ್ರ ಬರೆದಿದ್ದರು. 25 ವರ್ಷ ನಡೆಯಿತು.

ಅಂದರೆ ಬೇರೆ ಕೆಲಸ ಇರುವವರು ಹಾಸ್ಯ ಬರೆಯಬಾರದು ಅಂತ ಏನಿಲ್ಲ. ಡಾಕ್ಟರು ಬರೆದರು, ವ್ಯಾಯಾಮದ ಮಾಸ್ತರರು ಬರೆದರು. ನಟರೂ ಬರೆಯಲಿ. ಆದರೆ ಬರೆಯುವುದನ್ನೂ ಒಂದು ಕೆಲಸ ಅಂತ ಎಣಿಸಿ ಬರೆಯಲಿ. ಇವರು ಬರೆದ ಮೇಲೆ ಒಂದು ಸಲವಾದರೂ ತಿರುಗಿ ಓದಿದ್ದಾರಾ ಅನ್ನುವುದು ನನ್ನ ಅನುಮಾನ. ನಾಯಕನ ತಂಗಿಗೆ ಮೂರನೇ ಅಧ್ಯಾಯದಲ್ಲಿ ಮದುವೆಯಾಗಿದೆ, ಹನ್ನೊಂದರಲ್ಲಿ ಗಂಡು ಹುಡುಕುತ್ತಿದ್ದಾರೆ.

ತೊಕ್ಕೊಟ್ಟು ತಂತ್ರಿ (11:24)

ಎರಡನೇ ಮದುವೆ ಇರಬಹುದು.

ಬೆಂಗಳೂರು ಬಾಡಿಗೆ ಮನೆ (11:25)

ಮೊದಲಿನ ಗಂಡ ಅದೇ ಅಧ್ಯಾಯದಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾನೆ.

ತೊಕ್ಕೊಟ್ಟು ತಂತ್ರಿ (11:26)

ಎಂಚಿನ ಸಾವು ಮಾರ್ರೆ! ಈಗ ನನಗೂ ಓದಬೇಕು ಅಂತ ಆಗುತ್ತಿದೆ.

ಕದ್ರಿ ಗುಡ್ಡೆ (ಸೋಮವಾರ, ರಾತ್ರಿ 9:40)

ಇವತ್ತು ಮನೆಯಲ್ಲಿ ಒಂದು ಸಂಗತಿ ನಡೆಯಿತು, ಹೇಳಲೇಬೇಕು.

ಪುಸ್ತಕ ಊಟದ ಮೇಜಿನ ಮೇಲೆ ಇತ್ತು. ನಾನು ಆಫೀಸಿನಿಂದ ಬರುವಾಗ ಅಮ್ಮ ಚಾವಡಿಯಲ್ಲಿ ಕನ್ನಡಕ ಹಾಕಿಕೊಂಡು ಓದುತ್ತಾ ಒಬ್ಬರೇ ನಗುತ್ತಿದ್ದರು. ಸದ್ದಿಲ್ಲದ ನಗು, ಹೆಗಲು ಮಾತ್ರ ಕುಣಿಯುವುದು. ಅಪ್ಪ ಹೋದ ಮೇಲೆ ಆ ನಗು ನಾನು ನೋಡಿರಲಿಲ್ಲ. ಯಾವ ಪುಟ ಅಂತ ನೋಡಿದರೆ 14ನೇ ಅಧ್ಯಾಯ. ನಾನು ಸಿಟ್ಟಿನಲ್ಲಿ ಸರಸರ ಹಾರಿಸಿಕೊಂಡು ಹೋದ ಅಧ್ಯಾಯ ಅದು.

ನಾಯಕನ ಅಮ್ಮ ಕಾರ್ಕಳದಿಂದ ಬಸ್ಸಿನಲ್ಲಿ ಒಂದು ಹಲಸಿನ ಹಣ್ಣು ತರುತ್ತಾರೆ. ಅಷ್ಟೇ ಕಥೆ. ಬಸ್ಸು ರಶ್ಶು. ಕಂಡಕ್ಟರ್ ಹಣ್ಣಿಗೆ ಲಗೇಜು ಟಿಕೆಟು ಅನ್ನುತ್ತಾನೆ. ಅವರು, "ಮಡಿಲಲ್ಲಿ ಇಟ್ಟುಕೊಂಡರೆ ಮಗುವಿಗೆ ಟಿಕೆಟು ಉಂಟಾ?" ಅಂತ ಕೇಳಿ ಹಣ್ಣನ್ನು ಎತ್ತಿ ಮಡಿಲಿಗೆ ಇಟ್ಟುಕೊಳ್ಳುತ್ತಾರೆ. ಸೀರೆಗೆ ಹಲಸಿನ ಮೇಣ ಅಂಟುತ್ತದೆ. ಮುಖದಲ್ಲಿ ತೋರಿಸಿಕೊಳ್ಳುವುದಿಲ್ಲ. ಮೂಡಬಿದಿರೆ ಬರುವಾಗ ಕಾಲು ಜೋಮು ಹಿಡಿದಿದೆ. ಪಕ್ಕದವರು ಅರ್ಧ ದಾರಿ ತಾನು ಇಟ್ಟುಕೊಳ್ಳುತ್ತೇನೆ ಅನ್ನುತ್ತಾರೆ. ಇವರು ಕೊಡುವುದಿಲ್ಲ, ಪರಿಚಯ ಇಲ್ಲದವರ ಕೈಗೆ ಹೇಗೆ ಕೊಡುವುದು ಅಂತ. ಇಳಿಯುವ ಹೊತ್ತಿಗೆ ಕಂಡಕ್ಟರೇ ಬಂದು ಎರಡೂ ಕೈಯಲ್ಲಿ ಹಣ್ಣು ಹಿಡಿದು, "ಮೆಲ್ಲ ಇಳಿಯಿರಿ, ಮಗು ನನ್ನ ಹತ್ತಿರ ಉಂಟು" ಅನ್ನುತ್ತಾನೆ.

ಪೆನ್ಸಿಲ್ ಹಿಡಿದು ಆ ಅಧ್ಯಾಯ ಇನ್ನೊಮ್ಮೆ ಓದಿದೆ. ಅದರಲ್ಲಿ ಯಾರೂ ನಗುವುದಿಲ್ಲ. ಒಬ್ಬರೂ ಇಲ್ಲ. ಆಶ್ಚರ್ಯದ ಗುರುತು ಸಹ ಇಲ್ಲ.

ನಿವೃತ್ತ ಮಾಸ್ತರು, ಕಾರ್ಕಳ (9:52)

ಅದು ಅವರ ಸ್ವಂತ ಅಮ್ಮ ಇರಬೇಕು. ನೋಡಿದ್ದನ್ನು ಬರೆದಿದ್ದಾರೆ. ನಗಿಸಬೇಕು ಅಂತ ಆ ಹೊತ್ತಿಗೆ ಮರೆತಿದ್ದಾರೆ.

ಅಭಿಮಾನಿ ನಂ. 1 (9:55)

ನೋಡಿದಿರಾ? ನಾನು ಮೊದಲೇ ಹೇಳಿದೆ, ಪೂರ್ತಿ ಓದಿ ಅಂತ.

ಮಣಿಪಾಲ ಹಾಸ್ಟೆಲ್ (9:56)

ನೀವು ಯಾವಾಗ ಹಾಗೆ ಹೇಳಿದಿರಿ? ಮೇಲೆ ಹುಡುಕಿದೆ, ಎಲ್ಲೂ ಇಲ್ಲ.

ಕುಂದಾಪ್ರದ ಮಾಣಿ (10:01)

ಹಲಸು ಗಟ್ಟಿ ಬಕ್ಕೆಯಾ, ಮೆತ್ತನೆಯ ತುಳುವನಾ? ತುಳುವ ಆದರೆ ಮಡಿಲಲ್ಲಿ ಇಟ್ಟುಕೊಂಡು ಮೂಡಬಿದಿರೆ ತನಕ ಬರಲಿಕ್ಕಾಗುವುದಿಲ್ಲ. ಒಡೆದು ಸೀರೆ ತುಂಬ ಆಗುತ್ತದೆ.

ಕದ್ರಿ ಗುಡ್ಡೆ (10:04)

ಬರೆದಿಲ್ಲ. ಅಮ್ಮನೂ ಇದನ್ನೇ ಕೇಳಿದರು.

ರಥಬೀದಿ (10:07)

ಬಕ್ಕೆಯೇ. ತುಳುವ ಹಣ್ಣನ್ನು ಯಾರಾದರೂ ಬಸ್ಸಿನಲ್ಲಿ ತರುತ್ತಾರಾ?

ಕುಂದಾಪ್ರದ ಮಾಣಿ (10:09)

ನಮ್ಮ ಚಿಕ್ಕಮ್ಮ ತಂದಿದ್ದಾರೆ. ಆಮೇಲೆ ಆ ಬಸ್ಸಿನವರು ಅವರನ್ನು ನೋಡಿದರೆ ನಿಲ್ಲಿಸುತ್ತಿರಲಿಲ್ಲ.

ತೊಕ್ಕೊಟ್ಟು ತಂತ್ರಿ (10:15)

ಕದ್ರಿಯಕ್ಕ, ಅಮ್ಮ ಓದಿ ಆದ ಮೇಲೆ ಪುಸ್ತಕ ಕೊಡುತ್ತೀರಾ? 380 ಕೊಡಲು ಮನಸ್ಸಿಲ್ಲ. 14ನೇ ಅಧ್ಯಾಯ ಓದಿ ವಾಪಸು ಮಾಡುತ್ತೇನೆ.

ಪುಸ್ತಕದಂಗಡಿಯವ (10:17)

ನನ್ನ ಕೌಂಟರಿನಲ್ಲಿ ಒಬ್ಬರು ಬಿಟ್ಟು ಹೋದ ಪ್ರತಿ ಉಂಟು ಅಂದೆನಲ್ಲ. ಸಹಿಯೂ ಉಂಟು. ಆದರೆ ಅದು ಇನ್ನೊಬ್ಬರದ್ದು, ಕೊಡಲಿಕ್ಕಾಗುವುದಿಲ್ಲ. ಅಂಗಡಿಗೆ ಬಂದು ನಿಂತು ಓದಿ ಹೋಗಿ.

ಮಲ್ಪೆ ಬಂಗುಡೆ (10:20)

ನನಗೂ ಬೇಕು. ಬೋಟಿನ ಅಧ್ಯಾಯ ನಮ್ಮ ಬೋಟು ನಡೆಸುವ ತಂಡೇಲನಿಗೆ ಓದಿ ಹೇಳಬೇಕು. ನಾನು ಅಂಗಡಿಯಲ್ಲೇ ನಿಂತು ಓದಿದ್ದು, ಪುಸ್ತಕ ಇಲ್ಲ.

ಪುಸ್ತಕದಂಗಡಿಯವ (10:21)

ಓಹೋ, ಅದು ನೀವಾ?

ಕದ್ರಿ ಗುಡ್ಡೆ (10:30)

ಮೊದಲು ಮಲ್ಪೆಗೆ, ಆಮೇಲೆ ತೊಕ್ಕೊಟ್ಟಿಗೆ. ನಾಳೆ ಸಂಜೆ ಐದೂವರೆಯ ಉಡುಪಿ ಎಕ್ಸ್‌ಪ್ರೆಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ. ನಮಗೆ ಗೊತ್ತಿರುವ ಕಂಡಕ್ಟರ್. ಉಡುಪಿ ಸ್ಟ್ಯಾಂಡಿನಲ್ಲಿ ತೆಗೆದುಕೊಳ್ಳಿ. ಪೆನ್ಸಿಲ್ ಗುರುತು ಅಳಿಸಬೇಡಿ.

ಮಲ್ಪೆ ಬಂಗುಡೆ (ಮಂಗಳವಾರ, ಸಂಜೆ 7:25)

ಬಸ್ಸು ಬಂತು, ಪುಸ್ತಕ ಬರಲಿಲ್ಲ. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ ಹೇಳಿದರು, "ನಾಳೆ ಕೊಡುತ್ತೇನೆ ಅಣ್ಣ, ಹಣ್ಣಿಗೆ ಟಿಕೆಟು ಆಯಿತಾ ಇಲ್ಲವಾ ಅಂತ ನೋಡಲಿಕ್ಕೆ ಉಂಟು."